‘ಈ ಸೆಕೆಗೆ ಬಾಯಾರಿಕೆ ಆಗದೆ ಇರ್ತದಾ ಅಕ್ಕ?’

ಈ ವಾರ ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ನನ್ನಲ್ಲಿ ಕೇಳಿದ ಮಾತಿದು. ಕೈಯಲ್ಲಿ ಮುಕ್ಕಾಲು ಖಾಲಿಯಾದ ನೀರಿನ ಬಾಟಲಿ. ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿದ್ದರು, ಮಿಕ್ಕ ತುದಿ ಪಕ್ಕೆಯವರೆಗೂ ಸುತ್ತಿ ಬಂದಿತ್ತು. ಹೆಂಡತಿಗೆ ಅದು ಖುಷಿಯ ವಿಷಯ: “ಇವರ ಹೊಟ್ಟೆ ಕರಗಿದೆ ನೋಡಿ.”

ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದರೆ 412. ಸೆಕೆಯಲ್ಲ, ಸಕ್ಕರೆ ಕಾಯಿಲೆ.

ಸೆಕೆಯ ಬಾಯಾರಿಕೆಯನ್ನು ಸಕ್ಕರೆಯ ಬಾಯಾರಿಕೆಯಿಂದ ಬೇರೆ ಮಾಡಲು ಯಂತ್ರ ಬೇಡ. ಬೆವರಿ ದಣಿದವರಿಗೆ ಮೂತ್ರ ಕಡಿಮೆ, ಬಣ್ಣ ಗಾಢ ಹಳದಿ. ಸಕ್ಕರೆ ಏರಿದವರಿಗೆ ಮೂತ್ರ ಧಾರಾಳ, ಬಣ್ಣ ತಿಳಿ, ರಾತ್ರಿ ಮೂರ್ನಾಲ್ಕು ಸಲ ಏಳಲೇಬೇಕು. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡಕ್ಕೆ ಅದನ್ನು ಪೂರ್ತಿ ಹಿಡಿದಿಡಲು ಆಗುವುದಿಲ್ಲ. ಹೊರಹೋಗುವ ಸಕ್ಕರೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಸಕ್ಕರೆಯನ್ನು ಜೀವಕೋಶಕ್ಕೆ ಸೇರಿಸುವ ಇನ್ಸುಲಿನ್ ಎಂಬ ಹಾರ್ಮೋನು ಸಾಲದೆ ಅದು ಜೀವಕೋಶದೊಳಗೆ ಸೇರದಿದ್ದಾಗ ದೇಹ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸುತ್ತದೆ. ಬೆಲ್ಟಿನ ತೂತು ಅದರದ್ದು. ಇಷ್ಟರ ಮೇಲೆ ಅವರು ಬಾಯಾರಿಕೆಗೆ ಕುಡಿಯುತ್ತಿದ್ದದ್ದು ಸಕ್ಕರೆ ಹಾಕಿದ ಲಿಂಬೆ ಶರಬತ್ತು! ಬೊಂಡದಲ್ಲೂ (ಎಳನೀರಿನಲ್ಲೂ) ಸಕ್ಕರೆ ಇದೆ. ಬರಿ ನೀರು ಕುಡಿಯಬೇಕು.

“ಸೆಕೆಗೆ ಬಾಯಾರಿಕೆ ಆಗದೆ ಇರ್ತದಾ?” ಒಳ್ಳೆಯ ಮನುಷ್ಯ, ತೋಟದಲ್ಲಿ ಬಹಳ ಜಾಗ್ರತೆ. ಕೊಳೆರೋಗ ಕಾಣಿಸುವ ಮೊದಲೇ ಅಡಿಕೆಗೆ ಮದ್ದು ಬಿಡಿಸುವವರು. ಆದರೆ ಮೈಯ ಒಂದೊಂದು ಲಕ್ಷಣಕ್ಕೂ ಒಂದೊಂದು ಸಮಾಧಾನ ಸಿದ್ಧ: ಸುಸ್ತಿಗೆ ವಯಸ್ಸು, ಕಾಲಿನ ಗಾಯ ಒಣಗದ್ದಕ್ಕೆ ತೋಟದ ಕೆಸರು, ಕಣ್ಣು ಮಂಜಾದದ್ದಕ್ಕೆ ಹಳೆಯ ಕನ್ನಡಕ. ಹೊಸ ಕನ್ನಡಕಕ್ಕೆ ದುಡ್ಡೂ ಕೊಟ್ಟಾಗಿತ್ತು. ಸಕ್ಕರೆ ಏರಿಳಿದಾಗ ಕಣ್ಣಿನ ಮಸೂರದ ನೀರಿನಂಶ ಬದಲಾಗುತ್ತದೆ. ಹತೋಟಿಗೆ ಬಂದು ಕೆಲವು ವಾರ ಕಳೆದ ಮೇಲೆ ನೋಡಿಸಿದ ನಂಬರೇ ನಿಲ್ಲುವುದು. ಗುಪ್ತಾಂಗದಲ್ಲಿ ಮತ್ತೆ ಮತ್ತೆ ಬರುವ ತುರಿಕೆಯೂ ಲಕ್ಷಣವೇ. ಹೆಂಗಸರು ಪಿಸುಗುಟ್ಟಿಯಾದರೂ ಹೇಳುತ್ತಾರೆ, ಗಂಡಸರು ಬಾಯಿಯೇ ಬಿಡುವುದಿಲ್ಲ.

ಬೆರಳು ಚುಚ್ಚುವ ಮೊದಲು ಸಾಬೂನಿನಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಹಲಸಿನ ಹಣ್ಣು ಬಿಡಿಸಿದ ಕೈಯಲ್ಲೇ ನೋಡಿದರೆ ಸುಳ್ಳು ಲೆಕ್ಕ ಬರುತ್ತದೆ. ತುದಿಗಿಂತ ಬೆರಳಿನ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಮಳೆಗಾಲದಲ್ಲಿ ರಕ್ತದ ಹನಿ ಮುಟ್ಟಿಸುವ ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಸ್ಟ್ರಿಪ್ ಹಾಳು. ಯಂತ್ರದಲ್ಲಿ ಹೆಚ್ಚು ಕಂಡರೆ ಲ್ಯಾಬಿನಲ್ಲಿ ಖಚಿತ ಮಾಡಬೇಕು: ಎಂಟು ಗಂಟೆ ಉಪವಾಸವಿದ್ದು 126 ಅಥವಾ ಮೇಲೆ, ಇಲ್ಲವೇ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಶೇಕಡಾ 6.5 ಅಥವಾ ಮೇಲೆ ಬಂದರೆ ಸಕ್ಕರೆ ಕಾಯಿಲೆ. ಇಷ್ಟೆಲ್ಲ ಲಕ್ಷಣವಿದ್ದವರಿಗೆ ಯಾವ ಹೊತ್ತಿನಲ್ಲಾದರೂ ಲ್ಯಾಬಿನಲ್ಲಿ 200 ಮುಟ್ಟಿದರೆ ಕಾಯಿಲೆ ಎನ್ನಲು ಸಾಕು.

ವಾಂತಿ, ಹೊಟ್ಟೆನೋವು, ಆಳವಾದ ಬಿರುಸಿನ ಉಸಿರು, ಉಸಿರಿಗೆ ಹಣ್ಣಿನಂಥ ವಾಸನೆ, ಮಂಪರು, ಇವುಗಳಲ್ಲಿ ಯಾವುದೊಂದು ಸೇರಿಕೊಂಡರೂ ಗ್ಯಾಸ್ ಎಂದು ಸೋಡಾ ಕುಡಿಸಿ ಕೂರಬಾರದು. ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಇವರಿಗೆ ಅದು ಯಾವುದೂ ಇರಲಿಲ್ಲ. ಡಾಕ್ಟರು ಅಂದೇ ಮದ್ದು ಸುರುಮಾಡಿದರು.

ತಮ್ಮಂದಿರನ್ನೂ ಕರೆದುಕೊಂಡು ಬನ್ನಿ ಎಂದದ್ದಕ್ಕೆ “ಅವರಿಗೆ ಎಂತ ಇಲ್ಲ ಅಕ್ಕ, ಬಾಯಾರಿಕೆ ಕೂಡ ಇಲ್ಲ” ಎಂದರು. ಉಪವಾಸದಲ್ಲಿ 140, 150 ಇದ್ದವರಿಗೆ ಬಾಯಾರಿಕೆ ಆಗದೆಯೂ ಇರಬಹುದು. ರೋಗ ಇರುತ್ತದೆ, ವರ್ಷಗಟ್ಟಲೆ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಪಾದದ ನರಗಳನ್ನು ಕೆಡಿಸುತ್ತಿರುತ್ತದೆ. ಒಡಹುಟ್ಟಿದವರಿಗೆ ಇದೆ ಎಂದಾದರೆ 30 ದಾಟಿದವರು ಬಾಯಾರಿಕೆಗೆ ಕಾಯದೆ ವರ್ಷಕ್ಕೊಮ್ಮೆ ರಕ್ತ ಕೊಟ್ಟು ನೋಡಿಸಬೇಕು.