ಬೇರಿಂಗ್ ಕೂರಿಸುವ ಕೈ

ಕಾರಿನ ಮುಂದಿನ ಎಡಚಕ್ರದ ಬೇರಿಂಗ್ ಇವತ್ತು ಬದಲಾಯಿತು. ಎರಡು ರಿಂಗ್‌ಗಳ ನಡುವೆ ಗುಂಡುಗಳಿಟ್ಟು ಚಕ್ರ ಸಲೀಸಾಗಿ ತಿರುಗುವಂತೆ ಮಾಡೋ ಭಾಗ ಅದು. ಸ್ಪೀಡ್ ಏರಿದಂತೆ ಗುಂಯ್ ಅನ್ನೋ ಸದ್ದೂ ಏರುತ್ತಿತ್ತು. ಬಲಕ್ಕೆ ತಿರುಗಿಸಿದರೆ ಇನ್ನೂ ಜಾಸ್ತಿ. ಆಗ ಭಾರ ಎಡಚಕ್ರದ ಮೇಲೆ ಬೀಳುತ್ತದೆ ಅಲ್ವಾ, ಅದಕ್ಕೆ.

ಮೆಕ್ಯಾನಿಕ್ ಅಣ್ಣ ಸುತ್ತಿಗೆ ಮುಟ್ಟಲೇ ಇಲ್ಲ. ಬೇರಿಂಗ್ ಕೂರುವ ಗೂಡನ್ನು ಚೆನ್ನಾಗಿ ಒರೆಸಿ, ಹೈಡ್ರಾಲಿಕ್ ಪ್ರೆಸ್‌ನಲ್ಲಿಟ್ಟು, ಬೇರಿಂಗಿನ ಹೊರಗಿನ ರಿಂಗ್ ಮೇಲಷ್ಟೇ ಒತ್ತಡ ಕೊಟ್ಟು ನಿಧಾನಕ್ಕೆ ಕೂರಿಸಿದರು. ಒಳರಿಂಗನ್ನು ಒತ್ತಿದ್ದರೆ ಆ ಬಲ ಗುಂಡುಗಳ ಮೂಲಕ ಹಾದು ಒಳಗೇ ಪೆಟ್ಟಾಗಿ, ಹೊಸ ಬೇರಿಂಗೂ ಬೇಗ ಸದ್ದು ಮಾಡುತ್ತಿತ್ತು. ಚಕ್ರದ ನಡುವೆ ಬಿಗಿಯುವ ಆಕ್ಸಲ್ ನಟ್ ಕೂಡ ಹೊಸದು. ಅದನ್ನೂ ಅಂದಾಜಿಗೆ ಬಿಗಿಯಲಿಲ್ಲ, ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಹಿಡಿದರು.

ಚಕ್ರ ಹಾಕಿದ ಮೇಲೆ ಇದ್ಯಾವುದೂ ಯಾರಿಗೂ ಕಾಣುವುದಿಲ್ಲ. ಆದರೂ ಇಷ್ಟು ಶ್ರದ್ಧೆಯಿಂದ ಮಾಡುವವರು ಇದ್ದಾರೆ ಅನ್ನೋದೇ ನನಗೆ ದೊಡ್ಡ ಖುಷಿ. ಕೂಲಿಗೆ ಚೌಕಾಸಿ ಮಾಡಲು ಮನಸ್ಸೇ ಬರಲಿಲ್ಲ.