ಅಷ್ಟು ದೂರ ಹೋಗಿ ಯಾಕೆ ನಡೆದಿರಿ?

ಸ್ಪೇನಿನಲ್ಲಿ ಕಮಿನೊ ಅನ್ನುವ ಯಾತ್ರೆಯ ದಾರಿ ನಡೆದು ವಾಪಸ್ ಬಂದ ಮೇಲೆ ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದರೋ ಲೆಕ್ಕವಿಲ್ಲ. ಬಾಗಲಕೋಟೆ ಕಡೆಯ ನಮ್ಮ ಚಿಗವ್ವ ಫೋನಿನಲ್ಲಿ ಕೇಳಿದ್ದು ಹೀಗೆ: "ಅಲ್ಲವಾ, ವಿಮಾನ ಹತ್ತಿ ಅಷ್ಟು ದೂರ ಹೋಗಿ ಮತ್ತ ನಡಿಯೂದು ಯಾಕ ಬೇಕಿತ್ತು?" ಆಫೀಸಿನಲ್ಲಿ ಜೊತೆಗಿರುವವರು ಸ್ವಲ್ಪ ತಡೆದು ಕೇಳಿದರು: "ಮೇಡಂ, ಅದು ಕ್ರೈಸ್ತರ ಯಾತ್ರೆ ಅಲ್ವಾ? ನೀವು ಹೇಗೆ?" ಇತ್ತೀಚೆಗೆ ಇನ್ನೊಂದು ಸೇರಿಕೊಂಡಿದೆ: "ಈಗ ಎಲ್ಲರೂ ಅಲ್ಲಿಗೇ ಹೋಗ್ತಾರಂತೆ. ಅಂಥದ್ದೇನಿದೆ ಅಲ್ಲಿ?"

ಮೂರೂ ಸುತ್ತಿ ಬಳಸಿ ಒಂದೇ ಪ್ರಶ್ನೆ ಅಂತ ನನಗೆ ಅನಿಸುತ್ತದೆ. ಅದಕ್ಕೇ ಒಂದೇ ಕಡೆ ಕೂತು ಉತ್ತರ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ದಾರಿಯ ಪರಿಚಯ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಯಾಕೋಬ ಒಬ್ಬ. ಜೆರುಸಲೇಮಿನಲ್ಲಿ ಹೆರೋದ ರಾಜ ಅವನನ್ನು ಕತ್ತಿಯಿಂದ ಕೊಲ್ಲಿಸಿದ ಅಂತ ಬೈಬಲ್ಲಿನಲ್ಲಿದೆ. ಅವನ ದೇಹವನ್ನು ದೋಣಿಯಲ್ಲಿ ಸ್ಪೇನಿನ ವಾಯವ್ಯ ಮೂಲೆಯ ಗಲಿಸಿಯಾಕ್ಕೆ ತಂದರು ಅನ್ನುವುದು ನಂಬಿಕೆ. 9ನೇ ಶತಮಾನದಲ್ಲಿ ಅಲ್ಲೊಂದು ಸಮಾಧಿ ಕಂಡಿತು. ಒವಿಯೆದೊ ಊರಿನಿಂದ ರಾಜ ಎರಡನೇ ಅಲ್ಫೋನ್ಸೊ ಅದನ್ನು ನೋಡಲು ಹೋದ. ಆಮೇಲೆ ಯುರೋಪಿನ ಎಲ್ಲ ಕಡೆಯಿಂದ ಜನ ನಡೆಯತೊಡಗಿದರು. ಊರಿನ ಹೆಸರು ಸಾಂತಿಯಾಗೊ ದೆ ಕೊಂಪೊಸ್ತೆಲಾ. ಸಾಂತಿಯಾಗೊ ಅಂದರೆ ಸಂತ ಯಾಕೋಬನೇ. ದಾರಿಗೆ ಕಮಿನೊ ಅನ್ನುತ್ತಾರೆ. ಸ್ಪ್ಯಾನಿಷಿನಲ್ಲಿ ಕಮಿನೊ ಅಂದರೂ ದಾರಿ ಅಂತಲೇ ಅರ್ಥ.

ದಾರಿ ಒಂದಲ್ಲ, ಹಲವು. ಹೆಚ್ಚು ಜನ ನಡೆಯುವುದು ಫ್ರಾನ್ಸಿನ ಗಡಿಯೂರು ಸೇಂಟ್ ಜಾನ್ ಪಿಯೆ ದೆ ಪೋರ್‌ನಿಂದ ಪಿರನೀಸ್ ಬೆಟ್ಟ ದಾಟಿ ಬರುವ ದಾರಿಯಲ್ಲಿ. ಸುಮಾರು 780 ಕಿಲೋಮೀಟರ್. ನನಗೆ ಅಷ್ಟು ರಜೆ ಇರಲಿಲ್ಲ. ಮೇ ತಿಂಗಳಲ್ಲಿ ಬುರ್ಗೋಸ್ ಊರಿನಿಂದ ಶುರು ಮಾಡಿದೆ. ಅಲ್ಲಿಂದ ಐನೂರು ಕಿಲೋಮೀಟರಿಗೆ ಹತ್ತಿರ. ಇಪ್ಪತ್ತೈದು ದಿನ ನಡೆದೆ.

ಈಗ, ಎಲ್ಲರೂ ಯಾಕೆ ಹೋಗುತ್ತಿದ್ದಾರೆ ಅನ್ನುವುದಕ್ಕೆ ಬರೋಣ.

ಈ ದಾರಿ ಒಮ್ಮೆ ಹೆಚ್ಚುಕಡಿಮೆ ಸತ್ತೇ ಹೋಗಿತ್ತು. ಯುದ್ಧ, ಧರ್ಮದ ಜಗಳ, ಬದಲಾದ ಕಾಲ ಎಲ್ಲ ಸೇರಿ ಜನ ಕಡಿಮೆಯಾದರು. 1589ರಲ್ಲಿ ಇಂಗ್ಲಿಷರ ದಾಳಿಗೆ ಹೆದರಿ ಯಾಕೋಬನ ಮೂಳೆಗಳನ್ನು ಬಚ್ಚಿಟ್ಟರು. ಎಲ್ಲಿಟ್ಟೆವು ಅನ್ನುವುದೇ ಮರೆತುಹೋಯಿತು! 1879ರಲ್ಲಿ ಅಗೆದಾಗಲೇ ಮತ್ತೆ ಸಿಕ್ಕಿದ್ದು. 1980ರ ದಶಕದ ನಡುವಿನಲ್ಲೂ ನಡೆದು ಬಂದು ಪ್ರಮಾಣಪತ್ರ ಪಡೆಯುತ್ತಿದ್ದವರು ವರ್ಷಕ್ಕೆ ಮೂರು ಸಾವಿರ ಜನವೂ ಇರಲಿಲ್ಲ. 1993ರಲ್ಲಿ ಅದು ಲಕ್ಷದ ಹತ್ತಿರ ಹೋಯಿತು. 2019ರಲ್ಲಿ ಮೂರೂವರೆ ಲಕ್ಷ. ಕೊರೊನಾ ವರ್ಷ ಬಿದ್ದುಹೋಗಿ ಮತ್ತೆ ಎದ್ದಿತು. 2024ರಲ್ಲಿ ಐದು ಲಕ್ಷಕ್ಕೆ ಕೊಂಚವೇ ಕಡಿಮೆ.

ಮೂರು ಸಾವಿರ ಐದು ಲಕ್ಷ ಆಗಿದ್ದು ಹೇಗೆ? ಪೋಪ್ ಎರಡನೇ ಜಾನ್ ಪಾಲ್ 1982ರಲ್ಲಿ, 1989ರಲ್ಲಿ ಅಲ್ಲಿಗೆ ಬಂದರು. 1987ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಇದನ್ನು ಯುರೋಪಿನ ಮೊದಲ ಸಾಂಸ್ಕೃತಿಕ ದಾರಿ ಅಂತ ಘೋಷಿಸಿತು. 1993ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪುಸ್ತಕ, ಸಿನಿಮಾ ಬಂದವು. ಎಲ್ಲವೂ ನಿಜ. ಆದರೆ ನನ್ನ ಕೇಳಿದರೆ ಎಲ್ಲಕ್ಕಿಂತ ದೊಡ್ಡ ಕಾರಣ ಒಂದು ಡಬ್ಬಿ ಹಳದಿ ಬಣ್ಣ.

ಗಲಿಸಿಯಾಕ್ಕೆ ಹತ್ತುವ ಘಟ್ಟದ ತುದಿಯಲ್ಲಿ ಓ ಸೆಬ್ರೇರೊ ಅಂತ ಒಂದು ಪುಟ್ಟ ಊರಿದೆ. ಸುಮಾರು 1300 ಮೀಟರ್ ಎತ್ತರ. ಕಲ್ಲಿನ ಮನೆಗಳು, ಹುಲ್ಲು ಹೊದಿಸಿದ ದುಂಡು ಗುಡಿಸಲುಗಳು, ಯಾವಾಗಲೂ ಮಂಜು. ಅಲ್ಲಿನ ಚರ್ಚಿಗೆ ಎಲಿಯಾಸ್ ವಾಲಿನ್ಯಾ ಅಂತ ಒಬ್ಬ ಪಾದ್ರಿ ಇದ್ದರು. ಅವರು ಡಾಕ್ಟರೇಟ್ ಮಾಡಿದ್ದೂ ಈ ದಾರಿಯ ಮೇಲೆಯೇ. ಹಳೆ ಯಾತ್ರಿಕರು ಎಲ್ಲೆಲ್ಲಿ ನಡೆದಿದ್ದರು ಅನ್ನುವುದು ಅವರಿಗೆ ಗೊತ್ತಿತ್ತು, ಬೇರೆಯವರಿಗೆ ಮರೆತುಹೋಗಿತ್ತು. 1984ರಲ್ಲಿ ರಸ್ತೆ ಕೆಲಸದಲ್ಲಿ ಮಿಕ್ಕಿದ್ದ ಹಳದಿ ಬಣ್ಣ ತಗೊಂಡು, ತಮ್ಮ ಸಿಟ್ರೊಯೆನ್ ಕಾರಿನಲ್ಲಿ ಹಾಕಿಕೊಂಡು ಹೊರಟರು. ತಿರುವು ಬಂದಲ್ಲಿ ಇಳಿಯುವುದು, ಮರಕ್ಕೋ ಬಂಡೆಗೋ ಗೋಡೆಗೋ ಒಂದು ಬಾಣ ಬರೆಯುವುದು. ಪಿರನೀಸ್ ಬೆಟ್ಟದ ಹತ್ತಿರ ಪೊಲೀಸರು ತಡೆದು ಏನು ಮಾಡ್ತಿದ್ದೀರಿ ಅಂತ ಕೇಳಿದಾಗ, "ಫ್ರಾನ್ಸಿನಿಂದ ದೊಡ್ಡ ದಾಳಿ ಬರಲಿದೆ, ಅದಕ್ಕೆ ತಯಾರಿ" ಅಂದರಂತೆ. ಯಾತ್ರಿಕರು ಈಗಲೂ ಈ ಕತೆ ಹೇಳಿಕೊಳ್ಳುತ್ತಾರೆ. ವಾಲಿನ್ಯಾ 1989ರಲ್ಲಿ ತೀರಿಕೊಂಡರು. ಇಷ್ಟು ದೊಡ್ಡ ಗುಂಪನ್ನು ನೋಡಲಿಲ್ಲ. ಓ ಸೆಬ್ರೇರೊ ಚರ್ಚಿನ ಹೊರಗೆ ಅವರದೊಂದು ಎದೆಮಟ್ಟದ ಶಿಲ್ಪ ಇದೆ. ನಾನು ಅದರ ಮುಂದೆ ಸುಮಾರು ಹೊತ್ತು ನಿಂತಿದ್ದೆ.

ಆ ಬಾಣದ ಬೆಲೆ ನಡೆದವರಿಗೇ ಗೊತ್ತು. ಬೆಳಗ್ಗೆ ಆರು ಗಂಟೆ, ಇನ್ನೂ ಕತ್ತಲು. ಊರ ಹೊರಗೆ ದಾರಿ ಎರಡಾಗಿ ಒಡೆಯುತ್ತದೆ. ಟಾರ್ಚ್ ಬಿಟ್ಟು ಹುಡುಕುತ್ತೀರಿ. ಲೈಟ್ ಕಂಬದ ಬುಡದಲ್ಲಿ, ಅಂಗೈ ಉದ್ದದ ಹಳದಿ ಗೆರೆ. ಸಾಕು. ಭಾಷೆ ಬರಬೇಕಿಲ್ಲ, ಮ್ಯಾಪ್ ಬೇಕಿಲ್ಲ, ಗೈಡ್ ಬೇಕಿಲ್ಲ. ಐವತ್ತು ದಾಟಿದ ಹೆಂಗಸು ಒಬ್ಬಳೇ ಗೋಧಿ ಹೊಲಗಳ ನಡುವೆ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ನಡೆಯಬಹುದು. ಮನೆಯಲ್ಲಿ, ಆಫೀಸಿನಲ್ಲಿ ದಿನವಿಡೀ ಏನಾದರೊಂದು ತೀರ್ಮಾನ ಮಾಡುತ್ತಲೇ ಇರುವವರಿಗೆ ಇದು ಎಂಥ ಬಿಡುಗಡೆ ಅಂತ ಹೇಗೆ ಹೇಳಲಿ. ಬಾಣ ನೋಡು, ನಡಿ. ಹಸಿವಾದರೆ ತಿನ್ನು. ಸಾಯಂಕಾಲ ಮಲಗು. ಇಷ್ಟೇ ಕೆಲಸ.

ದಕ್ಷಿಣ ಕೊರಿಯಾದ ಪತ್ರಕರ್ತೆ ಸು ಮ್ಯಂಗ್‌ಸುಕ್ 2006ರಲ್ಲಿ ಈ ದಾರಿ ನಡೆದು ಊರಿಗೆ ಹೋದವರು, ಮರುವರ್ಷವೇ ತಮ್ಮ ಜೇಜು ದ್ವೀಪದಲ್ಲಿ ಒಲ್ಲೆ ಅನ್ನುವ ನಡಿಗೆ ದಾರಿ ಶುರು ಮಾಡಿದರು. ಅಲ್ಲಿಯೂ ದಾರಿ ತೋರಿಸುವುದು ಬಾಣಗಳೇ, ಬಣ್ಣ ಮಾತ್ರ ನೀಲಿ ಮತ್ತು ಕಿತ್ತಳೆ.

ಬಾಣದ ನಂತರದ್ದು ಹಾಸಿಗೆ. ಯಾತ್ರಿಕರು ಉಳಿಯುವ ಛತ್ರಕ್ಕೆ ಅಲ್ಬೆರ್ಗೆ ಅನ್ನುತ್ತಾರೆ. ಒಂದರ ಮೇಲೊಂದು ಮಂಚ, ದೊಡ್ಡ ಹಾಲ್, ಹತ್ತು ಗಂಟೆಗೆ ದೀಪ ಬಂದ್. ಕೆಲವು ಪಂಚಾಯಿತಿಯವು, ಕೆಲವು ಚರ್ಚಿನವು, ಕೆಲವು ಖಾಸಗಿ. ಶುರುವಿನಲ್ಲೇ ಒಂದು ಮಡಚುವ ಯಾತ್ರಿ ಕಾರ್ಡ್ ಕೊಡುತ್ತಾರೆ. ಉಳಿದಲ್ಲೆಲ್ಲ ಅದಕ್ಕೊಂದು ಸೀಲು. ಕೆಲವು ಛತ್ರಗಳಲ್ಲಿ ಇಷ್ಟೇ ಕೊಡಿ ಅಂತ ಇಲ್ಲ, ಬಾಗಿಲ ಹತ್ತಿರ ಡಬ್ಬಿ ಇರುತ್ತದೆ, ಕೈಲಾದಷ್ಟು ಹಾಕಬೇಕು.

ಅಂಥ ಒಂದು ಛತ್ರದ ಬಗ್ಗೆ ಹೇಳದಿದ್ದರೆ ನನ್ನ ಉತ್ತರ ಪೂರ್ತಿಯಾಗುವುದಿಲ್ಲ.

ಬುರ್ಗೋಸ್ ಬಿಟ್ಟು ಮೂರನೇ ದಿನ. ಕಾಸ್ತ್ರೊಹೆರಿಸ್ ಊರು ದಾಟಿದ ಕೂಡಲೇ ಒಂದು ಕಡಿದಾದ ಏರು. ಹತ್ತಿ ಇಳಿದರೆ ಕಣ್ಣು ಹರಿದಷ್ಟು ದೂರ ಹಸಿರು ಗೋಧಿ, ನಡುನಡುವೆ ಕೆಂಪು ಗಸಗಸೆ ಹೂವು, ಒಂದು ಮರದ ನೆರಳೂ ಇಲ್ಲ. ನನ್ನ ಎಡಗಾಲ ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು ಸಾಕ್ಸಿಗೆ ಅಂಟಿತ್ತು. ಪಿಸುಯೆರ್ಗಾ ಹೊಳೆಯ ಸೇತುವೆಗೆ ಸ್ವಲ್ಪ ಮುಂಚೆ, ಬಯಲಲ್ಲಿ ಒಂಟಿಯಾಗಿ ಸಾನ್ ನಿಕೋಲಾಸ್ ಅನ್ನುವ ಕಲ್ಲಿನ ಹಳೇ ಗುಡಿ. ಇಟಲಿಯ ಪೆರೂಜಾದ ಒಂದು ಭಕ್ತರ ಸಂಘದವರು ಅದನ್ನು ಯಾತ್ರಿಕರಿಗಾಗಿ ನಡೆಸುತ್ತಾರೆ. ಮಲಗಲು ಹತ್ತು ಹನ್ನೆರಡು ಹಾಸಿಗೆ, ಅಷ್ಟೇ.

ಊಟಕ್ಕೆ ಮುಂಚೆ ನಮ್ಮನ್ನೆಲ್ಲ ಅರ್ಧ ಸುತ್ತಿನಲ್ಲಿ ಕೂರಿಸಿದರು. ಒಂದು ಕಾಲಿನ ಚಪ್ಪಲಿ ಬಿಡಿ ಅಂದರು. ನನಗೇನೂ ಅರ್ಥವಾಗಲಿಲ್ಲ. ಎಪ್ಪತ್ತರ ಹತ್ತಿರದ ಒಬ್ಬರು, ಈ ದಾರಿಯ ಯಾತ್ರಿಕರ ಗುರುತಾದ ಚಿಪ್ಪನ್ನು ಹೆಗಲಿಗೆ ಹೊಲಿದ ಗಿಡ್ಡ ಮೇಲಂಗಿ ಹಾಕಿಕೊಂಡು, ನನ್ನ ಮುಂದೆ ಮೊಣಕಾಲೂರಿದರು. ಇನ್ನೊಬ್ಬರು ಹೂಜಿಯಿಂದ ನೀರು ಹುಯ್ದರು. ಉಗುರು ಬೆಚ್ಚಗಿನ ನೀರು. ಬೊಬ್ಬೆಯ ಕಾಲನ್ನೇ ಚಾಚಿದ್ದೆ, ನಾಚಿಕೆಯಾಗಿ ಹಿಂದಕ್ಕೆ ಎಳೆದುಕೊಳ್ಳಲು ಹೋದೆ. ಅವರು ಹಿಮ್ಮಡಿಯನ್ನು ಅಂಗೈಯಲ್ಲಿ ಮೆತ್ತಗೆ ಹಿಡಿದುಕೊಂಡರು. ಬೊಬ್ಬೆ ಇದ್ದಲ್ಲಿ ಒತ್ತದೆ, ಸುತ್ತಲೂ ಬಿಳಿ ಬಟ್ಟೆಯಿಂದ ಒರೆಸಿದರು. ಆಮೇಲೆ ತಲೆ ಬಗ್ಗಿಸಿ ಪಾದಕ್ಕೆ ಮುತ್ತಿಟ್ಟರು. ಮುಂದಿನವರ ಹತ್ತಿರ ಸರಿದರು.

ಸಾಯುವ ಮುನ್ನಾ ರಾತ್ರಿ ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೆನೆದು ಹೀಗೆ ಮಾಡುತ್ತಾರೆ. ಅದು ಗೊತ್ತಿದ್ದರೂ ನನ್ನ ಕಣ್ಣು ತುಂಬಿ ಬಂದದ್ದು ಬೇರೆ ಕಾರಣಕ್ಕೆ. ನಮ್ಮಲ್ಲಿ ಗುರುಗಳ ಪಾದ ತೊಳೆಯುತ್ತೇವೆ. ಮದುವೆಯಲ್ಲಿ ಅಳಿಯನ ಕಾಲು ತೊಳೆಯುತ್ತೇವೆ. ದಾರಿಹೋಕಳ ಕಾಲು? ಅವರಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ಆಗ ನೆನಪಾದದ್ದು ಚಿಗವ್ವನ ಊರು. ಯುಗಾದಿಗೆ ಮುಂಚೆ ನಮ್ಮ ಕಡೆಯಿಂದ ಸಾವಿರಾರು ಜನ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಅವರಿಗಾಗಿ ಊರೂರಲ್ಲಿ ದಾಸೋಹ. ರೊಟ್ಟಿ, ಮಜ್ಜಿಗೆ, ಕಾಲಿಗೆ ಬಿಸಿನೀರು, ಎಣ್ಣೆ. ಚಿಕ್ಕವಳಿದ್ದಾಗ ಹಂಡೆಗೆ ಕಟ್ಟಿಗೆ ಒಟ್ಟುವ ಚಿಗವ್ವನನ್ನು ಪ್ರತಿ ವರ್ಷ ನೋಡಿದ್ದೆ. ಯಾರ ಕಾಲಿಗೆ ಆ ನೀರು ಅಂತ ಒಮ್ಮೆಯೂ ಕೇಳಿರಲಿಲ್ಲ.

ಅವತ್ತು ಮೇಣದ ಬತ್ತಿ ಬೆಳಕಿನಲ್ಲಿ ಊಟ ಮಾಡಿದೆವು. ಪಾಸ್ತಾ, ಬ್ರೆಡ್ಡು, ಸಲಾಡ್. ತಟ್ಟೆ ತೊಳೆಯಲು ನನ್ನ ಬಿಡಲಿಲ್ಲ.

ಇನ್ನು, ನಿಮ್ಮ ಧರ್ಮದ್ದಲ್ಲವಲ್ಲ ಅನ್ನುವ ಪ್ರಶ್ನೆ. ಇದಕ್ಕೆ ನನಗಿಂತ ಚೆನ್ನಾಗಿ ಉತ್ತರ ಕೊಟ್ಟವರು ದಾರಿಯಲ್ಲಿ ಸಿಕ್ಕ ಮಂಗಳೂರಿನವರೊಬ್ಬರು. ಐರ್ಲೆಂಡಿನಲ್ಲಿ ನರ್ಸ್. ಲಿಯೋನ್ ದಾಟಿದ ಮೇಲೆ ಹಿಂದಿನಿಂದ ಕನ್ನಡ ಕೇಳಿ ಬೆಚ್ಚಿ ತಿರುಗಿದೆ, ಅವರು ಫೋನಿನಲ್ಲಿ ಮಾತಾಡುತ್ತಿದ್ದರು. ಅವರು ದಿನಾ ಸಂಜೆ ಚರ್ಚಿನ ಪೂಜೆಗೆ ಹೋಗುವವರು, ಜಪಸರ ಕೈಬಿಡದವರು. ನಾನು ಇಲ್ಲಿ ಬಂದಿರುವುದು ಸರಿಯಾ ಅಂತ ಅವರನ್ನೇ ಕೇಳಿದೆ. "ಎಂಥ ಕೇಳ್ತೀರಿ ಮಾರಾಯ್ರೇ! ನಮ್ಮ ಅತ್ತೂರು ಜಾತ್ರೆಗೆ ಬರುವವರೆಲ್ಲ ಕ್ರಿಶ್ಚಿಯನ್ನರಾ? ಮೇಣದ ಬತ್ತಿ ಹಚ್ಚುವಾಗ ಯಾರಾದರೂ ಜಾತಿ ಕೇಳ್ತಾರಾ?" ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆ ನೋಡಿದವರಿಗೆ ಇದು ಗೊತ್ತು. ನಾಲ್ಕು ದಿನ ಒಟ್ಟಿಗೆ ನಡೆದೆವು. ಇರಾಗೊ ಬೆಟ್ಟದ ಮೇಲೆ ಎತ್ತರದ ಕಂಬದ ತುದಿಗೆ ಒಂದು ಕಬ್ಬಿಣದ ಶಿಲುಬೆ ಇದೆ. ಎಲ್ಲರೂ ಊರಿಂದ ತಂದ ಒಂದು ಕಲ್ಲನ್ನು ಅದರ ಬುಡದಲ್ಲಿ ಇಡುತ್ತಾರೆ. ಕಲ್ಲಿನದೇ ಗುಡ್ಡವಾಗಿದೆ. ಅವರು ತಮ್ಮದನ್ನು ಇಟ್ಟು ಸುಮಾರು ಹೊತ್ತು ಅತ್ತರು. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಜನಜಂಗುಳಿಯ ಬಗ್ಗೆಯೂ ಹೇಳಬೇಕು. ಪ್ರಮಾಣಪತ್ರ ಸಿಗಬೇಕಾದರೆ ಕಡಿಮೆ ಅಂದರೂ 100 ಕಿಲೋಮೀಟರ್ ನಡೆಯಬೇಕು. ಸಾರ್ರಿಯಾ ಊರಿನಿಂದ ಶುರು ಮಾಡಿದರೆ ಅಷ್ಟಾಗುತ್ತದೆ. ಹಾಗಾಗಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಜನ ಅಲ್ಲಿಂದಲೇ ಹೊರಡುತ್ತಾರೆ. ಹಿಂದಿನ ದಿನದವರೆಗೆ ಮೌನವಾಗಿದ್ದ ದಾರಿ ಮರುದಿನ ಸಂತೆ. ಶಾಲೆ ಮಕ್ಕಳು, ಹಾಡು, ಸ್ಪೀಕರ್. ದೂರದಿಂದ ನಡೆದು ಬಂದ ಕೆಲವರು ಇವರನ್ನು "ತುರಿಗ್ರಿನೊ" ಅನ್ನುತ್ತಾರೆ, ಅರ್ಧ ಟೂರಿಸ್ಟು ಅರ್ಧ ಯಾತ್ರಿ ಅಂತ. ನನಗೆ ಆ ಮಾತು ಇಷ್ಟವಾಗುವುದಿಲ್ಲ. ಐದೇ ದಿನ ರಜೆ ಸಿಕ್ಕವರು ಐದೇ ದಿನ ನಡೆಯುತ್ತಾರೆ, ಅದರಲ್ಲಿ ತಪ್ಪೇನು? ಮೊಮ್ಮಗಳ ಕೈ ಹಿಡಿದು ನಡೆಯುತ್ತಿದ್ದ ಒಬ್ಬ ಸ್ಪೇನಿನ ಅಜ್ಜಿಯನ್ನು ನೋಡಿದೆ. ಅವರ ನಡಿಗೆ ನನ್ನದಕ್ಕಿಂತ ಚಿಕ್ಕದು ಅನ್ನಲು ನಾನು ಯಾರು? ಆದರೆ ಸಾಂತಿಯಾಗೊ ಊರಿನವರ ಕಷ್ಟ ನಿಜ. ಮನೆಗಳೆಲ್ಲ ಪ್ರವಾಸಿಗರ ಬಾಡಿಗೆಗೆ ಹೋಗಿ ಅಲ್ಲಿಯವರಿಗೆ ಮನೆ ಸಿಗುವುದು ಕಷ್ಟವಾಗಿದೆ. ಹೋಗುವವರು ಸ್ಪೀಕರ್ ಬಿಟ್ಟು ಹೋಗಿ, ರಾತ್ರಿ ಸದ್ದು ಮಾಡಬೇಡಿ. ಜುಲೈ 25 ಯಾಕೋಬನ ಹಬ್ಬ. ಅದು ಭಾನುವಾರ ಬಂದ ವರ್ಷ ಪವಿತ್ರ ವರ್ಷ, ಜನ ಇನ್ನೂ ಜಾಸ್ತಿ. ಮುಂದಿನದು 2027. ಮೌನ ಬೇಕಾದವರು ಆ ವರ್ಷ ಬಿಟ್ಟು ಹೋಗುವುದು ಒಳ್ಳೆಯದು.

ಕೊನೇ ದಿನ ಮಳೆ. ಚೌಕಕ್ಕೆ ಬಂದು ಚರ್ಚಿನ ಎದುರು ಒದ್ದೆ ಕಲ್ಲಿನ ಮೇಲೆ ಬ್ಯಾಗಿಗೆ ಒರಗಿ ಕೂತೆ. ಆಮೇಲೆ ಯಾತ್ರಿಕರ ಕಚೇರಿಗೆ ಹೋದೆ. ಸೀಲುಗಳನ್ನೆಲ್ಲ ನೋಡಿದರು. ಅಲ್ಲಿ ಒಂದು ಫಾರಂ ತುಂಬಬೇಕು. ಅದರಲ್ಲಿ ನೀವೆಲ್ಲ ಕೇಳುವ ಅದೇ ಪ್ರಶ್ನೆ ಇತ್ತು: ಯಾಕೆ ನಡೆದಿರಿ? ಧಾರ್ಮಿಕ ಕಾರಣ, ಧಾರ್ಮಿಕ ಮತ್ತು ಬೇರೆ ಕಾರಣ, ಧಾರ್ಮಿಕವಲ್ಲದ ಕಾರಣ. ಮೂರರಲ್ಲಿ ಒಂದು ಆರಿಸಬೇಕು. ನನಗೆ ಸಾನ್ ನಿಕೋಲಾಸ್‌ನ ಆ ಹಿರಿಯರು ನೆನಪಾದರು. ನಡುವಿನದನ್ನು ಆರಿಸಿದೆ.

ಕಾಲು ತೊಳೆದ ಕತೆಯನ್ನು ಚಿಗವ್ವನಿಗೆ ಹೇಳಿದೆ. ಸ್ವಲ್ಪ ಹೊತ್ತು ಫೋನಿನಲ್ಲಿ ಮಾತಿಲ್ಲ. ಆಮೇಲೆ ಅಂದಳು: "ಈ ಸಲ ನನ್ನ ಕೈಲಿ ಹಂಡೆ ಎತ್ತಾಕ ಆಗೂದಿಲ್ಲವಾ. ಯುಗಾದಿಗಿಂತ ಮುಂಚೆ ಒಂದು ವಾರ ಬಂದು ಇರು."

ರಜೆಗೆ ಅರ್ಜಿ ಕೊಟ್ಟಿದ್ದೇನೆ.