ನಂಬರ್ ಓದಲೇ?

ಕಳೆದ ಮಳೆಗಾಲದಲ್ಲಿ ಅಜ್ಜನ ತಿಥಿಗೆಂದು ತೀರ್ಥಹಳ್ಳಿಗೆ ಹೋಗಿದ್ದೆ. ಊಟ ಮುಗಿಸಿ ಜಗಲಿಯಲ್ಲಿ ಕೂತಾಗ ಚಿಕ್ಕಮ್ಮ ಹಳೆಯ ಫೋಟೋಗಳನ್ನು ತೋರಿಸು ಎಂದರು. ಅವೆಲ್ಲ ಮೈಸೂರಿನ ನಮ್ಮ ಮನೆಯಲ್ಲಿ, ಟಿವಿ ಪಕ್ಕದಲ್ಲಿರುವ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿವೆ. ಎರಡು ವರ್ಷ ರಜೆಯ ದಿನಗಳಲ್ಲೆಲ್ಲ ಕೂತು ಸ್ಕ್ಯಾನ್ ಮಾಡಿದವು. ಮೊಬೈಲಿನಲ್ಲಿ ವಿಳಾಸ ಹಾಕಿದೆ. ಪುಟ ತೆರೆಯಲಿಲ್ಲ.

ಮಂಡಿನೋವಿನಿಂದ ಮನೆಯಲ್ಲೇ ಉಳಿದಿದ್ದ ಅಮ್ಮನಿಗೆ ಫೋನ್ ಮಾಡಿದೆ. ಬೆಳಿಗ್ಗೆ ಕರೆಂಟು ಹೋಗಿ ಬಂದಿತ್ತಂತೆ. ರೌಟರ್ ಮತ್ತೆ ಹೊತ್ತಿಕೊಂಡಾಗ ಹೊಸ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಮನೆಯನ್ನು ಗುರುತಿಸುವ ಅಂಕಿಗಳ ಸಾಲು) ಸಿಕ್ಕಿದೆ, ನನ್ನ ಬಳಿ ಇದ್ದದ್ದು ಹಳೆಯದು. ಐಪಿ ತೋರಿಸುವ ಪುಟವೊಂದನ್ನು ತೆರೆಯಲು ಹೇಳಿದೆ. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿದರು. ಮಧ್ಯದ ಚುಕ್ಕಿ ಬಂದಾಗಲೆಲ್ಲ "ಬೊಟ್ಟು" ಎಂದರು. ಮೂರನೆಯ ಬೊಟ್ಟಿನ ಹೊತ್ತಿಗೆ ಸಿಗ್ನಲ್ ಹೋಯಿತು. ಫೋಟೋ ನೋಡದೆಯೇ ಚಿಕ್ಕಮ್ಮ ಎದ್ದು ಒಳಗೆ ಹೋದರು. ಆ ಬೇಸರ ಮೈಸೂರು ತಲುಪುವವರೆಗೂ ಜೊತೆಗಿತ್ತು.

ವಿಳಾಸ ಬದಲಾದರೂ ಹೆಸರು ಬದಲಾಗಬಾರದು. ಬದಲಾಗುವ ಐಪಿಗೆ ಬದಲಾಗದ ಹೆಸರೊಂದನ್ನು ಜೋಡಿಸಿಡುವ ಡೈನಾಮಿಕ್ ಡಿಎನ್‌ಎಸ್ ಇರುವುದೇ ಇದಕ್ಕೆ. ಉಚಿತ ಸೇವೆಯೊಂದರಲ್ಲಿ ಮನೆಗೊಂದು ಹೆಸರು ಪಡೆದು, ಪೈ ಮೇಲೆ ಡಿಡಿಕ್ಲೈಂಟ್ ಎಂಬ ತಂತ್ರಾಂಶ ಹಾಕಿದೆ. ಅದು 300 ಸೆಕೆಂಡಿಗೊಮ್ಮೆ ಐಪಿ ನೋಡಿ, ಬದಲಾಗಿದ್ದರೆ ಮಾತ್ರ ಸೇವೆಗೆ ತಿಳಿಸುವಂತೆ ಹೊಂದಿಸಿದೆ. ಮನೆಯ ವೈಫೈಯಲ್ಲಿ ಹೆಸರು ಹಾಕಿದೊಡನೆ ಫೋಟೋಗಳು ಬಂದವು. ಖುಷಿಯಲ್ಲೇ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿದರೆ ಏನೂ ಇಲ್ಲ.

ರಾತ್ರಿ ಹನ್ನೊಂದರವರೆಗೆ ರೌಟರಿನ ಪೋರ್ಟುಗಳನ್ನೇ, ಅಂದರೆ ಹೊರಗಿನಿಂದ ಒಳಬರುವ ಬಾಗಿಲುಗಳನ್ನೇ, ಸಂಶಯಿಸಿದೆ. ರೌಟರಿನ ಹೊರ ವಿಳಾಸ 100.64ರಿಂದ 100.127ರೊಳಗೆ ಇದ್ದರೆ ಅನೇಕ ಮನೆಗಳು ಒಂದೇ ಐಪಿ ಹಂಚಿಕೊಂಡಿವೆ ಎಂದರ್ಥ; ಆಗ ಡೈನಾಮಿಕ್ ಡಿಎನ್‌ಎಸ್ ಒಂದರಿಂದಲೇ ಕೆಲಸ ಆಗದು. ನಮ್ಮದು ಹಾಗಿರಲಿಲ್ಲ. ಕೊನೆಗೆ ಆ ಹೆಸರು ಯಾವ ಐಪಿಗೆ ಹೋಗುತ್ತಿದೆ ಎಂದು ಕೇಳಿ ನೋಡಿದೆ. ಉತ್ತರ: 192.168.1.20. ಅದು ಪೈಗೆ ರೌಟರ್ ಕೊಟ್ಟ ಮನೆಯೊಳಗಿನ ವಿಳಾಸ, ಹೊರಗಿನಿಂದ ತಲುಪಲಾಗದ್ದು! ಮನೆಯಲ್ಲಿ ಎಲ್ಲ ಸರಿಯಾಗಿ ಕಂಡದ್ದೂ ಅದಕ್ಕೇ. ಡಿಡಿಕ್ಲೈಂಟ್ ಐಪಿಯನ್ನು ಎಲ್ಲಿಂದ ತಿಳಿಯಬೇಕು ಎನ್ನುವ ಸಾಲಿನಲ್ಲಿ ಪೈಯ ಸ್ವಂತ ನೆಟ್‌ವರ್ಕ್ ಕಾರ್ಡನ್ನೇ ಸೂಚಿಸಿದ್ದೆ. ಹೊರಗಿನ ಜಾಲತಾಣವೊಂದನ್ನು ಕೇಳಿ ತಿಳಿದುಕೊ ಎಂದು ಬದಲಾಯಿಸಿದೆ. ಮೊಬೈಲ್ ಡೇಟಾದಲ್ಲಿ ಅಜ್ಜ ಕಾಣಿಸಿಕೊಂಡರು. ಹೆಸರು ಸ್ಥಿರವಾದ ಮೇಲೆ ಬಾಗಿಲು ಲೋಕಕ್ಕೆಲ್ಲ ಕಾಣುತ್ತದೆ. ಹಾಗಾಗಿ ಮಲಗುವ ಮೊದಲು ಗಟ್ಟಿ ಪಾಸ್‌ವರ್ಡ್ ಇಟ್ಟು, ಮಾಹಿತಿಯನ್ನು ಗೂಢವಾಗಿಸಿ ಕಳಿಸುವ ಎಚ್‌ಟಿಟಿಪಿಎಸ್‌ನದ್ದು ಬಿಟ್ಟು ಉಳಿದ ಪೋರ್ಟುಗಳನ್ನು ಮುಚ್ಚಿದೆ.

ಮುಂದಿನ ವಾರ ನಾನು ಕಚೇರಿಯಲ್ಲಿದ್ದಾಗ ಅಮ್ಮನೇ ಫೋನ್ ಮಾಡಿದರು. "ಕರೆಂಟು ಹೋಗಿ ಬಂತು ಕಣೋ. ನಂಬರ್ ಓದಲೇ?"

"ಒಂದೈದು ನಿಮಿಷ ತಡಿ ಅಮ್ಮ" ಎಂದೆ. ಆಮೇಲೆ ಹೆಸರು ಹಾಕಿ ನೋಡಿದೆ, ಪುಟ ತೆರೆಯಿತು. ಅಂದೇ ಚಿಕ್ಕಮ್ಮನಿಗೆ ಆ ಹೆಸರನ್ನೂ ಪಾಸ್‌ವರ್ಡನ್ನೂ ತಿಳಿಸಿದೆ. ಸಂಜೆ ಅವರ ಸಂದೇಶ ಬಂತು: ಅಡಿಕೆ ಸೋಗೆಯ ಚಪ್ಪರದ ಕೆಳಗೆ ಅಜ್ಜನ ಬೆರಳು ಹಿಡಿದು ನಿಂತ ಹುಡುಗಿ ತಾನೇ ಎಂದು.